ದೆಹಲಿಯ ಚಳಿಗಾಲಕ್ಕೆ ಏರ್ ಪ್ಯೂರಿಫೈಯರ್: ಹೊಸದಾಗಿ ಬಂದ ಮನೆಯವರಿಗೆ

ಜೂನ್‌ನಲ್ಲಿ ಊರಿಂದ ಬಂದವರಿಗೆ ಇಲ್ಲಿನ ಸೆಕೆಯದೇ ಚಿಂತೆ. ದಸರಾ ಮುಗಿದು ದೀಪಾವಳಿ ಹತ್ತಿರವಾದಾಗ ಒಂದು ಬೆಳಿಗ್ಗೆ ಬಾಲ್ಕನಿ ಬಾಗಿಲು ತೆಗೆದರೆ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ, ಎದುರಿನ ಕಟ್ಟಡ ಮಸುಕಾಗಿರುತ್ತದೆ. ಮಡಿಕೇರಿಯ ಮಂಜು ಅಂದುಕೊಳ್ಳಬೇಡಿ. ಪಂಜಾಬ್, ಹರಿಯಾಣದಲ್ಲಿ ಸುಡುವ ಭತ್ತದ ಕೂಳೆ (ಇಲ್ಲಿಯವರ ಬಾಯಲ್ಲಿ ‘ಪರಾಲಿ’), ವಾಹನದ ಹೊಗೆ, ಧೂಳು, ಪಟಾಕಿ ಎಲ್ಲವೂ ತಣ್ಣಗಿನ ಗಾಳಿಯಲ್ಲಿ ಮೇಲೇರಲಾರದೆ ನೆಲದ ಹತ್ತಿರವೇ ಕೂತುಬಿಡುತ್ತವೆ. ಆಗ ಎಲ್ಲರೂ ಪ್ಯೂರಿಫೈಯರ್ ಅಂಗಡಿಗೆ ಓಡುತ್ತಾರೆ.

ಅಂಗಡಿಯಲ್ಲಿ ಮೊಬೈಲ್ ಆಪ್, ಬಣ್ಣದ ದೀಪ, ಏಳು ಹಂತದ ಶುದ್ಧೀಕರಣ ಅಂತೆಲ್ಲ ತೋರಿಸುತ್ತಾರೆ. ನೀವು ಮೊದಲು ಕೇಳಬೇಕಾದ್ದು ಸಿಎಡಿಆರ್. ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. ನಿಮ್ಮ ಮಲಗುವ ಕೋಣೆ 12ಕ್ಕೆ 10 ಅಡಿ, ಎತ್ತರ 10 ಅಡಿ ಅಂದುಕೊಳ್ಳಿ. ಒಳಗಿರುವುದು ಸುಮಾರು 34 ಘನ ಮೀಟರ್ ಗಾಳಿ. ಅದು ಗಂಟೆಗೆ 5 ಸಲವಾದರೂ ಫಿಲ್ಟರ್ ದಾಟಿ ಬರಬೇಕಾದರೆ 170 ಬೇಕು. ಆದರೆ ಡಬ್ಬದ ಮೇಲಿನ ಅಂಕಿ ಫ್ಯಾನ್ ಪೂರ್ತಿ ಜೋರಾಗಿ ತಿರುಗುವಾಗಿನದು, ಆ ಸದ್ದಿನಲ್ಲಿ ಯಾರು ಮಲಗುತ್ತಾರೆ? ಸ್ಲೀಪ್ ಮೋಡ್‌ಗೆ ಹಾಕಿದರೆ ಗಾಳಿ ತೀರಾ ಕಡಿಮೆ. ಅದಕ್ಕೇ 250–300 ಇರುವುದನ್ನು ತಂದು ಮಧ್ಯದ ವೇಗದಲ್ಲಿ ಓಡಿಸಿ. ಒಂದೇ ಯಂತ್ರ ಹಾಲ್‌ನಲ್ಲಿಟ್ಟು ಮೂರು ಕೋಣೆಗೂ ಸಾಕು ಅನ್ನುವ ಮಾತು ನಂಬಬೇಡಿ. ಒಂದೇ ಕೊಳ್ಳುವುದಾದರೆ ಮಕ್ಕಳು ಮಲಗುವ ಕೋಣೆಗೆ ಇಡಿ.

ಫಿಲ್ಟರ್ ನಿಜವಾದ ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಬಗೆ) ಆಗಿರಬೇಕು. ‘ಹೆಪಾ ಟೈಪ್’ ಅಂದರೆ ಹೆಪಾ ಅಲ್ಲ. ಎಚ್13 (ಹೆಪಾದ ಒಂದು ದರ್ಜೆ) ಅಂತ ಬರೆದಿದ್ದರೆ ಒಳ್ಳೆಯದು, ಅದು ಹಿಡಿಯಲು ಅತಿ ಕಷ್ಟದ ಕಣಗಳನ್ನೂ ಶೇಕಡಾ 99.95ರಷ್ಟು ತಡೆಯುತ್ತದೆ. ವಾಸನೆಗೆ ಕಾರ್ಬನ್ ಪದರ ಬೇಕು. ಓಝೋನ್ ಬಿಡುವ ಯಂತ್ರ ಮಾತ್ರ ಬೇಡವೇ ಬೇಡ, ಅದು ಶ್ವಾಸಕೋಶಕ್ಕೇ ಕೆಟ್ಟದ್ದು.

ನನ್ನದೇ ಪೆದ್ದತನ ಹೇಳುತ್ತೇನೆ. ಮೊದಲ ವರ್ಷ ಹದಿನೈದು ದಿನ ಹಗಲೂ ರಾತ್ರಿ ಓಡಿಸಿದೆವು, ಮಗಳ ಕೆಮ್ಮು ಹಾಗೇ ಇತ್ತು. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಫಿಲ್ಟರ್ ಇನ್ನೂ ಪ್ಲಾಸ್ಟಿಕ್ ಕವರ್‌ನೊಳಗೇ ಆರಾಮಾಗಿ ಕೂತಿತ್ತು! ಬಹಳಷ್ಟು ಯಂತ್ರಗಳು ಹೀಗೇ ಬರುತ್ತವೆ. ಪ್ಲಗ್ ಹಾಕುವ ಮೊದಲು ಮುಚ್ಚಳ ತೆಗೆದು ನೋಡಿ.

ಇನ್ನು ಸಂದುಗಳು. ಇಲ್ಲಿನ ಹಳೆಯ ಬಾಡಿಗೆ ಮನೆಗಳಲ್ಲಿ ಕೂಲರ್ ಕೂರಿಸಲು ಕಿಟಕಿ ಕೊರೆದಿರುತ್ತಾರೆ. ಚಳಿಗಾಲದಲ್ಲಿ ಅಲ್ಲಿಗೆ ರಟ್ಟು ಒತ್ತಿ ಸುತ್ತ ಟೇಪ್ ಅಂಟಿಸಿ. ಬಾಗಿಲ ಕೆಳಗೆ ಹಳೇ ಟವೆಲ್ ಸುತ್ತಿಟ್ಟರೂ ಸಾಕು. ಕಿಟಕಿ ಅರ್ಧ ತೆರೆದಿಟ್ಟು ಪ್ಯೂರಿಫೈಯರ್ ಓಡಿಸುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಯಂತ್ರವನ್ನು ಗೋಡೆಗೆ, ಪರದೆಗೆ ಒತ್ತಿಡಬೇಡಿ. ಹಾಗಂತ ದಿನವಿಡೀ ಮುಚ್ಚಿಕೊಂಡೇ ಇದ್ದರೆ ನಾವು ಉಸಿರಾಡಿ ಬಿಟ್ಟ ಗಾಳಿಯೇ ತುಂಬಿ ತಲೆ ಭಾರವಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್‌ನಲ್ಲಿ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಸೂಚ್ಯಂಕ) ನೋಡಿ, ಸಾಮಾನ್ಯವಾಗಿ ಮಧ್ಯಾಹ್ನ ಸ್ವಲ್ಪ ಇಳಿದಿರುತ್ತದೆ. ಆಗ ಹತ್ತು ನಿಮಿಷ ಕಿಟಕಿ ತೆಗೆಯಿರಿ.

ಒಳಗಿನ ಹೊಗೆಯೂ ಕಡಿಮೆ ಏನಲ್ಲ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಚಿಮಣಿ ಹಾಕಿ. ಎಣ್ಣೆ ಹೊಗೆ ತಾಗಿದರೆ ಫಿಲ್ಟರ್ ಬೇಗ ಹಾಳು. ಊದುಬತ್ತಿ, ಸೊಳ್ಳೆ ಬತ್ತಿಯನ್ನು ಈ ಎರಡು ತಿಂಗಳಾದರೂ ಕಡಿಮೆ ಮಾಡಿ, ದೇವರು ಕೋಪ ಮಾಡಿಕೊಳ್ಳುವುದಿಲ್ಲ. ಚಳಿ ಅಂತ ಕೋಣೆಯೊಳಗೆ ಇದ್ದಿಲ ಅಂಗೀಠಿ (ಅಗ್ಗಿಷ್ಟಿಕೆ) ಮಾತ್ರ ಯಾವತ್ತೂ ಇಡಬೇಡಿ. ಅದರ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ, ಯಾವ ಹೆಪಾ ಫಿಲ್ಟರೂ ಅದನ್ನು ತಡೆಯುವುದಿಲ್ಲ.

ಹೊರಗಿನ ಜಾಲರಿಯನ್ನು ವಾರಕ್ಕೊಮ್ಮೆ ಬ್ರಷ್‌ನಲ್ಲಿ ಉಜ್ಜಿ. ಹೆಪಾ ತೊಳೆಯಬೇಡಿ, ನೆನೆದರೆ ಮುಗಿಯಿತು. ಕೊಳ್ಳುವಾಗಲೇ ಹೊಸ ಫಿಲ್ಟರ್ ಬೆಲೆ ಕೇಳಿಕೊಳ್ಳಿ. ಹಾಲಿನಂತೆ ಬೆಳ್ಳಗಿದ್ದದ್ದು ಜನವರಿ ಹೊತ್ತಿಗೆ ಕಾಫಿ ಚರಟದ ಬಣ್ಣಕ್ಕೆ ತಿರುಗಿರುತ್ತದೆ. ಬಿಸಾಡುವ ಮೊದಲು ಮನೆಯಲ್ಲಿ ಎಲ್ಲರಿಗೂ ಒಮ್ಮೆ ತೋರಿಸಿ, ಆಮೇಲೆ ಕಿಟಕಿ ಮುಚ್ಚಿ ಅಂತ ಯಾರಿಗೂ ಎರಡು ಸಲ ಹೇಳಬೇಕಾಗಿ ಬರುವುದಿಲ್ಲ.