ಸೆಕೆಂಡ್ ಲೈಫ್‌ನಲ್ಲಿ ನನ್ನ ತೊಟ್ಟಿಮನೆ, ಮತ್ತು ಅದರ ಖರ್ಚಿನ ಲೆಕ್ಕ

ನನ್ನ ಖರ್ಚಿನ ಪುಸ್ತಕದಲ್ಲಿ ಹಾಲು, ಕರೆಂಟು, ಮಗಳ ಸಂಗೀತದ ಫೀಸು ಇವುಗಳ ಜೊತೆಗೆ ‘ಸೆಕೆಂಡ್ ಲೈಫ್’ ಅಂತಲೂ ಒಂದು ಕಾಲಂ ಇದೆ. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ. ಕಂಪ್ಯೂಟರಿನೊಳಗಿನ ಮನೆಗೆ ನಿಜವಾದ ದುಡ್ಡು ಕಟ್ಟುತ್ತೀಯಾ? ಹೌದು, ಕಟ್ಟುತ್ತೇನೆ, ಸಂತೋಷದಿಂದಲೇ. ಆದರೆ ಎಷ್ಟು, ಯಾವುದಕ್ಕೆ, ಎಲ್ಲಿಯವರೆಗೆ ಅನ್ನುವುದನ್ನು ನಾನು ಮೊದಲಿನಿಂದಲೂ ಬರೆದಿಡುತ್ತಾ ಬಂದಿದ್ದೇನೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು.

ಸೆಕೆಂಡ್ ಲೈಫ್ ಅಂದರೆ ಇಂಟರ್ನೆಟ್‌ನಲ್ಲಿರುವ ಒಂದು ಕಾಲ್ಪನಿಕ ಲೋಕ. ಅದು ಶುರುವಾಗಿದ್ದು 2003ರ ಜೂನ್‌ನಲ್ಲಿ. ನಡೆಸುವವರು ಸ್ಯಾನ್‌ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್. ಅಲ್ಲಿ ಗೆಲ್ಲುವುದು ಸೋಲುವುದು ಏನೂ ಇಲ್ಲ. ಒಂದು ಅವತಾರ, ಅಂದರೆ ತೆರೆಯ ಮೇಲೆ ನಮ್ಮ ಬದಲಿಗೆ ಇರುವ ಬೊಂಬೆ, ಮಾಡಿಕೊಂಡು ಓಡಾಡುವುದು, ಮಾತಾಡುವುದು, ಹಾಡು ಕೇಳುವುದು, ಮನೆ ಕಟ್ಟುವುದು, ಅಷ್ಟೇ. ಒಳಗೆ ಹೋಗಲು ಒಂದು ಪೈಸೆಯೂ ಬೇಡ. ಹೀಗೆ ದುಡ್ಡಿಲ್ಲದೇ ವರ್ಷಗಟ್ಟಲೆ ಇರುವವರು ಬೇಕಾದಷ್ಟು ಜನ ಇದ್ದಾರೆ. ಖರ್ಚು ಶುರುವಾಗುವುದು ‘ನನ್ನದು ಅಂತ ಒಂದು ಜಾಗ ಬೇಕು’ ಅನ್ನಿಸಿದಾಗ.

ಶುರುವಿನಲ್ಲಿ ಅಲ್ಲಿ ಕಟ್ಟಿದ ಪ್ರತಿ ವಸ್ತುವಿಗೂ ತೆರಿಗೆ ಇತ್ತು. ಜಾಸ್ತಿ ಕಟ್ಟಿದವರಿಗೆ ಜಾಸ್ತಿ ತೆರಿಗೆ. ಅದೇ ವರ್ಷ ಅಲ್ಲಿನ ಜನ, ಹಿಂದೆ ಅಮೆರಿಕದಲ್ಲಿ ತೆರಿಗೆ ವಿರೋಧಿಸಿ ಟೀ ಪೆಟ್ಟಿಗೆಗಳನ್ನು ನೀರಿಗೆಸೆದ ಬಾಸ್ಟನ್ ಟೀ ಪಾರ್ಟಿಯ ನೆನಪಲ್ಲಿ ಟೀ ಪೆಟ್ಟಿಗೆಗಳನ್ನು ಒಟ್ಟಿ ಪ್ರತಿಭಟನೆ ಮಾಡಿದರು. 2003 ಮುಗಿಯುವುದರೊಳಗೆ ವಸ್ತುವಿನ ಮೇಲಿನ ತೆರಿಗೆ ಹೋಗಿ, ಜಾಗಕ್ಕೆ ಇಷ್ಟು ಅಂತ ಶುಲ್ಕ ಬಂತು. ಜೊತೆಗೆ ನಾವು ಮಾಡಿದ ವಸ್ತುವಿನ ಹಕ್ಕು ನಮ್ಮದೇ ಅಂತ ಕಂಪನಿ ಒಪ್ಪಿಕೊಂಡಿತು. ನನ್ನ ಇವತ್ತಿನ ಲೆಕ್ಕವೆಲ್ಲ ನಿಂತಿರುವುದು ಈ ಎರಡರ ಮೇಲೆ. ಕಟ್ಟುವುದು ಅಗ್ಗ, ಜಾಗ ದುಬಾರಿ.

ಎಷ್ಟು ದುಬಾರಿ? ಅಲ್ಲಿ ಒಂದು ರೀಜನ್ ಅಂದರೆ 256 ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಖಾಸಗಿ ರೀಜನ್ ಪೂರ್ತಿ ಇಟ್ಟುಕೊಳ್ಳಲು 2018ರ ಮಧ್ಯದವರೆಗೂ ತಿಂಗಳಿಗೆ 295 ಡಾಲರ್ ಇತ್ತು. ಆಮೇಲೆ 249, ಮರುವರ್ಷ 229 ಆಯಿತು. ಬರೀ 200 ಡಾಲರ್ ಅಂತಲೇ ಇಟ್ಟುಕೊಂಡರೂ, ಡಾಲರಿಗೆ 85 ರೂಪಾಯಿಯಂತೆ ತಿಂಗಳಿಗೆ 17,000 ರೂಪಾಯಿ. ಶಿವಮೊಗ್ಗದಲ್ಲಿ ಇಷ್ಟಕ್ಕೆ ಒಳ್ಳೆಯ ಮನೆಯೇ ಬಾಡಿಗೆಗೆ ಸಿಗುತ್ತದೆ. ನನಗೆ ಪರಿಚಯವಾದ ಕೆನಡಾದ ಒಬ್ಬರು ಇಂಥ ರೀಜನ್ ಇಟ್ಟುಕೊಂಡು ಸಂಗೀತದ ವೇದಿಕೆ ನಡೆಸುತ್ತಾರೆ. ಅರ್ಧ ಜಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಖರ್ಚು ಸರಿದೂಗಿಸುತ್ತಾರೆ. ಅದು ಅವರ ಪ್ರೀತಿ. ನನಗೆ ಅಷ್ಟು ದೊಡ್ಡದು ಬೇಕಿರಲಿಲ್ಲ.

ನಾನು ತೆಗೆದುಕೊಂಡಿದ್ದು ಪ್ರೀಮಿಯಂ ಚಂದಾ, ವರ್ಷಕ್ಕೆ 99 ಡಾಲರ್. ಅದರಲ್ಲಿ 1,024 ಚದರ ಮೀಟರ್ ಜಾಗಕ್ಕೆ ಮಾಸಿಕ ಶುಲ್ಕ ಇಲ್ಲ. ಜೊತೆಗೆ ವಾರಕ್ಕೆ 300 ಲಿಂಡನ್ ಡಾಲರ್ (ಆ ಲೋಕದೊಳಗೆ ಕೊಡಲು ಕೊಳ್ಳಲು ಬಳಸುವ ನಾಣ್ಯ) ಭತ್ಯೆ ಬರುತ್ತದೆ. 2019ರಲ್ಲಿ ತೆರೆದ ಬೆಲ್ಲಿಸೇರಿಯಾ ಅನ್ನುವ ಅಲ್ಲಿನ ಖಂಡದಲ್ಲಿ ಕಂಪನಿಯೇ ಕಟ್ಟಿದ ಚೆಂದದ ಮನೆಗಳೂ ದೋಣಿಮನೆಗಳೂ ಇದೇ ಚಂದಾದೊಳಗೆ ಸಿಗುತ್ತವೆ. ಆದರೆ ಅಲ್ಲಿ ಮನೆ ಅವರದ್ದು. ನನಗೆ ನನ್ನದೇ ಮನೆ ಕಟ್ಟಬೇಕಿತ್ತು. ಹಾಗಾಗಿ ಮೇನ್‌ಲ್ಯಾಂಡ್ ಅನ್ನುವ, ಕಂಪನಿಯೇ ನಡೆಸುವ ನೆಲದಲ್ಲಿ ಒಬ್ಬರು ಬಿಟ್ಟುಹೋಗುತ್ತಿದ್ದ ಜಾಗವನ್ನು 3,000 ಲಿಂಡನ್‌ಗೆ ಕೊಂಡೆ.

ಇಲ್ಲಿ ಒಂದು ಸಣ್ಣ ಅಂದಾಜು ಹೇಳಿಬಿಡುತ್ತೇನೆ. ನನಗೆ ಬಹಳ ದುಡ್ಡು ಉಳಿಸಿದ್ದು ಇದೇ. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಲಿಂಡನ್. ಅಂದರೆ ಮೂರು ಲಿಂಡನ್‌ಗೆ ಹತ್ತಿರ ಹತ್ತಿರ ಒಂದು ರೂಪಾಯಿ. ಯಾವ ಬೆಲೆ ಕಂಡರೂ ಮೂರರಿಂದ ಭಾಗಿಸಿ. 3,000 ಲಿಂಡನ್‌ನ ಜಾಗ ಅಂದರೆ 1,000 ರೂಪಾಯಿ. 200 ಲಿಂಡನ್ ಟಿಪ್ ಅಂದರೆ 65 ರೂಪಾಯಿ ಚಿಲ್ಲರೆ. ಲಿಂಡನ್‌ನಲ್ಲಿ ಯೋಚಿಸುವಾಗ ಕೈ ಸಡಿಲವಾಗುತ್ತದೆ, ರೂಪಾಯಿಗೆ ಬಂದ ಕೂಡಲೇ ತಲೆ ಕೆಲಸ ಮಾಡುತ್ತದೆ. ಭತ್ಯೆಯನ್ನೂ ಹೀಗೇ ನೋಡಿ. ವರ್ಷಕ್ಕೆ 15,600 ಲಿಂಡನ್, ಅಂದರೆ 5,000 ರೂಪಾಯಿಯ ಮೇಲೆಯೇ ವಾಪಸ್ ಬಂದ ಹಾಗಾಯಿತು.

ಭಾರತದಿಂದ ಕಟ್ಟುವವರಿಗೆ ಇನ್ನೆರಡು ಮಾತು. ಕಾರ್ಡಿನಲ್ಲಿ ಡಾಲರ್ ಕಟ್ಟಿದರೆ ಬ್ಯಾಂಕು ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣಕ್ಕೆ ಬದಲಿಸುವ ಶುಲ್ಕ, ಹಾಕುತ್ತದೆ. ನನ್ನ ಕಾರ್ಡಿನಲ್ಲಿ ಅದು 3.5 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹೀಗೆ 8,415 ರೂಪಾಯಿಯ ಚಂದಾ 8,760ರ ಹತ್ತಿರ ಹೋಗುತ್ತದೆ. ಎರಡನೆಯದು, 2021ರ ಅಕ್ಟೋಬರ್‌ನಿಂದ ಆಟೋ ಡೆಬಿಟ್‌ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಆಮೇಲೆ ನನ್ನ ಕಾರ್ಡಿನಲ್ಲಿ ವಿದೇಶದ ಚಂದಾ ತಾನಾಗಿ ಹೋಗುವುದು ನಿಂತಿತು. ಈಗ ವರ್ಷಕ್ಕೊಮ್ಮೆ ನಾನೇ ಒಟಿಪಿ ಹಾಕಿ ಕಟ್ಟುತ್ತೇನೆ. ನನಗೆ ಇದೇ ವಾಸಿ ಅನ್ನಿಸಿದೆ. ಕಟ್ಟುವ ಮುಂಚೆ ಒಮ್ಮೆ ಕೂತು, ಇನ್ನೊಂದು ವರ್ಷ ಬೇಕಾ ಅಂತ ಯೋಚಿಸಬಹುದಲ್ಲ. ಲಿಂಡನ್ ಕೊಳ್ಳುವಾಗಲೂ ಪ್ರತಿ ಸಲ ಫೀ ಇರುತ್ತದೆ. ಅದಕ್ಕೇ ಆಗಾಗ ಸ್ವಲ್ಪ ಸ್ವಲ್ಪ ಕೊಳ್ಳದೆ, ಎರಡು ಮೂರು ತಿಂಗಳಿಗೆ ಆಗುವಷ್ಟು ಒಟ್ಟಿಗೇ ಕೊಳ್ಳುತ್ತೇನೆ.

ಇನ್ನು ಮನೆಯ ವಿಷಯ. ಇದನ್ನು ಹೇಳುವಾಗ ನನಗೆ ಸ್ವಲ್ಪ ಉತ್ಸಾಹ ಜಾಸ್ತಿಯಾಗುತ್ತದೆ.

ನಮ್ಮ ಅತ್ತೆಯ ತವರು ತೀರ್ಥಹಳ್ಳಿ ಕಡೆ. ಅವರು ಹುಟ್ಟಿ ಬೆಳೆದ ತೊಟ್ಟಿಮನೆಯನ್ನು ಪಾಲಾದ ಮೇಲೆ ಕೆಡವಿದರು. ಒಂದೆರಡು ಫೋಟೋ ಬಿಟ್ಟರೆ ಏನೂ ಉಳಿದಿಲ್ಲ. ನಾನು ಆ ಮನೆಯನ್ನು ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಡಲು ಕೂತೆ. ಬ್ಲೆಂಡರ್ ಉಚಿತ. ಯೂಟ್ಯೂಬ್ ನೋಡಿ ಕಲಿತಿದ್ದೂ ಉಚಿತ. ಅತ್ತೆ ಪಕ್ಕದಲ್ಲಿ ಕೂತು ಹೇಳುತ್ತಿದ್ದರು: “ಕಂಬ ಇಷ್ಟು ತೆಳ್ಳಗಿರ್ಲಿಲ್ಲ ಮಾರಾಯ್ತಿ. ಇಬ್ಬರು ಮಕ್ಕಳು ಕೈ ಹಿಡ್ಕೊಂಡ್ರೆ ಮಾತ್ರ ಒಂದು ಸುತ್ತು ಬರೋದು.” ನಾನು ದಪ್ಪ ಮಾಡಿದೆ. “ಅಂಗಳದಾಗೆ ತುಳಸಿಕಟ್ಟೆ ಎಲ್ಲಿ? ಮಳೆನೀರು ಹೋಗಕ್ಕೆ ದಾರಿ ಎಲ್ಲಿ?” ಅದನ್ನೂ ಮಾಡಿದೆ.

ಅಲ್ಲಿ ದುಡ್ಡಿಗಿಂತ ಮೊದಲು ಲೆಕ್ಕ ಇಡಬೇಕಾದದ್ದು ಲ್ಯಾಂಡ್ ಇಂಪ್ಯಾಕ್ಟ್, ಅಂದರೆ ನಾವು ಇಟ್ಟ ವಸ್ತುಗಳು ಜಾಗದ ಮೇಲೆ ಹಾಕುವ ಭಾರ. ಮೇನ್‌ಲ್ಯಾಂಡ್‌ನ 1,024 ಚದರ ಮೀಟರ್ ಜಾಗ 351ರಷ್ಟು ಭಾರ ಮಾತ್ರ ತಡೆಯುತ್ತದೆ. ಮನೆ, ಮರ, ಕುರ್ಚಿ, ದೀಪ ಎಲ್ಲ ಸೇರಿ ಅಷ್ಟರೊಳಗೇ ಇರಬೇಕು. ಮಂಗಳೂರು ಹೆಂಚನ್ನು ಒಂದೊಂದಾಗಿ ಮಾಡಲು ಹೋದರೆ ಮಾಡು ಒಂದೇ ಅದನ್ನೆಲ್ಲ ನುಂಗುತ್ತದೆ. ಹಾಗಾಗಿ ಮಾಡನ್ನು ಸಪಾಟಾದ ಹಲಗೆಯಂತೆ ಮಾಡಿ, ಮೇಲೆ ಹೆಂಚಿನ ಚಿತ್ರವನ್ನೂ ನಾರ್ಮಲ್ ಮ್ಯಾಪ್ ಅನ್ನುವ ಇನ್ನೊಂದು ಚಿತ್ರವನ್ನೂ ಹಾಕಿದೆ. ಬೆಳಕು ಬಿದ್ದಾಗ ಹೆಂಚಿನ ಉಬ್ಬು ತಗ್ಗು ಕಾಣುತ್ತದೆ, ಭಾರ ಇಲ್ಲ. ಸೂರಿನ ಅಂಚಿನಲ್ಲಿ ಮಾತ್ರ ನಿಜವಾದ ಹೆಂಚಿನ ಆಕಾರ ಕೊಟ್ಟೆ. ಕಣ್ಣು ನೋಡುವುದು ಅಲ್ಲೇ. ಇಡೀ ಮನೆ ನೂರರೊಳಗೆ ಮುಗಿಯಿತು.

ಸಾಮಾನ್ಯ ಅಳತೆಯ ಚಿತ್ರ ಒಂದನ್ನು ಅಪ್‌ಲೋಡ್ ಮಾಡಲು 10 ಲಿಂಡನ್. ಮೆಶ್‌ಗೆ, ಅಂದರೆ ಬ್ಲೆಂಡರ್‌ನಂಥದ್ದರಲ್ಲಿ ಮಾಡಿದ ತ್ರೀಡಿ ಆಕಾರಕ್ಕೆ, ಅದರ ಜಟಿಲತೆ ನೋಡಿ ದರ. ತಪ್ಪಿದ ಪ್ರತಿ ಸಲವೂ ಕಟ್ಟುತ್ತಾ ಹೋದರೆ ಕೊನೆಗೆ ದೊಡ್ಡ ಮೊತ್ತವೇ ಆಗುತ್ತದೆ. ಅದಕ್ಕೊಂದು ಒಳ್ಳೆಯ ದಾರಿ ಇದೆ. ಸೆಕೆಂಡ್ ಲೈಫ್‌ನ ಮುಖ್ಯ ಗ್ರಿಡ್‌, ಅಂದರೆ ಎಲ್ಲರೂ ಓಡಾಡುವ ಲೋಕ, ಅದರ ಹೆಸರು ಅಗ್ನಿ. ಪರೀಕ್ಷೆಗೆ ಅಂತ ಇನ್ನೊಂದಿದೆ, ಅದರ ಹೆಸರು ಅದಿತಿ. ಅದಿತಿಯಲ್ಲಿ ಅಪ್‌ಲೋಡ್ ಮಾಡಿದರೆ ನಿಜವಾದ ದುಡ್ಡು ಹೋಗುವುದಿಲ್ಲ. ನಾನು ಎಲ್ಲವನ್ನೂ ಮೊದಲು ಅದಿತಿಯಲ್ಲಿ ನಿಲ್ಲಿಸಿ, ಸುತ್ತ ನಡೆದು, ದೂರದಿಂದ ನೋಡಿ, ಸರಿ ಅನ್ನಿಸಿದ ಮೇಲೆ ಅಗ್ನಿಗೆ ತರುತ್ತೇನೆ. ಬರೀ ಬಣ್ಣ, ಚಿತ್ರ ನೋಡುವುದಾದರೆ ವ್ಯೂವರ್ ಅನ್ನುವ, ಒಳಗೆ ಹೋಗಲು ಬಳಸುವ ಸಾಫ್ಟ್‌ವೇರ್‌ನಲ್ಲೇ ಲೋಕಲ್ ಟೆಕ್ಸ್‌ಚರ್ ಅಂತ ಇದೆ, ಅಪ್‌ಲೋಡೇ ಬೇಡ. ಹೀಗೆ ಇಡೀ ತೊಟ್ಟಿಮನೆಗೆ ಆದ ಅಪ್‌ಲೋಡ್ ಖರ್ಚು 600 ರೂಪಾಯಿಯೊಳಗೆ. ಎಷ್ಟೋ ತಿಂಗಳ ಸಂಜೆಗಳ ಖುಷಿಗೆ ಇಷ್ಟು ಕಡಿಮೆ ದುಡ್ಡಿನ ಇನ್ನೊಂದು ಹವ್ಯಾಸ ನನಗಂತೂ ಗೊತ್ತಿಲ್ಲ.

ದುಡ್ಡು ಸೋರುವುದು ಬೇರೆ ಕಡೆ, ಅವತಾರದ ಬಟ್ಟೆ ಮತ್ತು ಮೈಯಲ್ಲಿ. ಅಲ್ಲಿ ಒಂದು ಒಳ್ಳೆಯ ಮೆಶ್ ಮೈಗೆ ಸಾವಿರ ರೂಪಾಯಿಯ ಆಸುಪಾಸು, ಮುಖಕ್ಕೆ ಇನ್ನೂ ಹೆಚ್ಚೇ ಬೇಕಾಗುತ್ತದೆ. ಒಂದೇ ಸಲದ ಖರ್ಚು, ಮಾಡಿದರೆ ತಪ್ಪಿಲ್ಲ. ಆದರೆ ಬಟ್ಟೆ ಹೊಲಿಯುವವರು ಒಂದೊಂದು ಮೈಗೂ ಬೇರೆ ಬೇರೆ ಅಳತೆಯಲ್ಲಿ ಮಾಡುತ್ತಾರೆ. ಮೈ ಬದಲಿಸಿದರೆ ಹಳೆಯ ಬಟ್ಟೆಯೆಲ್ಲ ಮೂಲೆಗೆ. ಅದಕ್ಕೇ ಮೈ ಕೊಳ್ಳುವ ಮೊದಲು ಡೆಮೊ ಹಾಕಿಕೊಂಡು ವಾರಗಟ್ಟಲೆ ಓಡಾಡಿ ಅನ್ನುತ್ತೇನೆ. ಡೆಮೊಗೆ ದುಡ್ಡಿಲ್ಲ.

ವಾರಾಂತ್ಯದ ಅರವತ್ತು ಲಿಂಡನ್ ಸೇಲ್ ಇನ್ನೂ ಜಾರುವ ಜಾಗ. ಒಂದಕ್ಕೆ 20 ರೂಪಾಯಿ, ಕಾಫಿಯ ಬೆಲೆ. ಆದರೆ ವಾರಕ್ಕೆ ಹದಿನೈದು ಅಂಥವು ಕೊಂಡರೆ 300 ರೂಪಾಯಿ, ವರ್ಷಕ್ಕೆ 15,000 ದಾಟುತ್ತದೆ. ಚಂದಾದ ಸುಮಾರು ಎರಡರಷ್ಟು! ನಾನು ಅಲ್ಲಿ ಮಾತಾಡಿದವರಲ್ಲಿ, ‘ನನಗೆ ಎಷ್ಟು ಖರ್ಚಾಗುತ್ತೆ ಅಂತ ಗೊತ್ತೇ ಇಲ್ಲ’ ಅಂದವರೆಲ್ಲ ಇಲ್ಲೇ ಖರ್ಚು ಮಾಡುವವರು. ಜಾಗದ ಬಾಡಿಗೆ ಕಟ್ಟುವವರಿಗೆ ತಮ್ಮ ಮೊತ್ತ ರೂಪಾಯಿ ರೂಪಾಯಿ ಗೊತ್ತಿರುತ್ತದೆ.

ನನ್ನ ನಿಯಮ ಹೀಗಿದೆ. ಭತ್ಯೆ ಬಿಟ್ಟು ಕೈಯಿಂದ ಹಾಕುವ ಲಿಂಡನ್ ತಿಂಗಳಿಗೆ 500 ರೂಪಾಯಿ ಮೀರಬಾರದು. ಅದರಲ್ಲಿ ಮೊದಲ ಪಾಲು ಹಾಡುಗಾರರಿಗೆ. ಕ್ಯಾಲಿಫೋರ್ನಿಯಾದ ಸಂಜೆ ಏಳು ಗಂಟೆ ಅಂದರೆ ನಮಗೆ ಮರುದಿನ ಬೆಳಿಗ್ಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಭಾನುವಾರ ತಿಂಡಿ ಮಾಡುತ್ತಾ ಯಾರೋ ಎಲ್ಲೋ ತಮ್ಮ ಮನೆಯಲ್ಲಿ ಗಿಟಾರ್ ಹಿಡಿದು ನೇರವಾಗಿ ಹಾಡುವುದನ್ನು ಕೇಳುತ್ತೇನೆ. ಅವರ ಟಿಪ್ ಜಾರ್‌ಗೆ ಹಾಕುವ ದುಡ್ಡಿನ ಬಗ್ಗೆ ನನಗೆ ಒಂದು ದಿನವೂ ಎರಡನೇ ಯೋಚನೆ ಬಂದಿಲ್ಲ. ಎರಡನೇ ಪಾಲು ಕಟ್ಟುವ ಕೆಲಸಕ್ಕೆ. ಬಟ್ಟೆಗೆ ಉಳಿದದ್ದು. ಅಲ್ಲೂ ನಾನು ಮಾಡುವ ದಾರಿಯೇ ಹಿಡಿದೆ. ಫುಲ್ ಪರ್ಮ್ ಅಂತ ಮಾರುವ ಸೀರೆಯ ಮೆಶ್ ಒಂದನ್ನು 900 ಲಿಂಡನ್‌ಗೆ ಕೊಂಡೆ. ಅದರ ಮೇಲೆ ನಮ್ಮ ಬಣ್ಣ, ನಮ್ಮ ಅಂಚು ಹಾಕಬಹುದು. ಇಳಕಲ್ ಸೀರೆಯ ತೋಪು ತೆನೆ ಸೆರಗನ್ನು ನಾನೇ ಬಿಡಿಸಿ ಹಾಕಿದೆ. ಒಂದು ಸೀರೆಯ ಬೆಲೆಯಲ್ಲಿ ಈಗ ಒಂದು ಕಪಾಟು ಸೀರೆ ಇದೆ.

ತೊಟ್ಟಿಮನೆಯ ಕಂಬ, ಕೆತ್ತನೆಯ ಬಾಗಿಲು ಇವುಗಳನ್ನು ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಾಟಕ್ಕೂ ಇಟ್ಟಿದ್ದೇನೆ. ಹತ್ತು ಪರ್ಸೆಂಟ್ ಕಮಿಷನ್ ಹೋಗಿ ಬರುವುದು ಅಪ್‌ಲೋಡ್ ಖರ್ಚಿಗೆ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಂಡಿಲ್ಲ. ಆನ್ಶೆ ಚಂಗ್ ಅನ್ನುವ ಅವತಾರದ ಹೆಸರಲ್ಲಿ ಅಲ್ಲಿ ಜಾಗದ ವ್ಯಾಪಾರ ಮಾಡಿದ ಐಲಿನ್ ಗ್ರಾಫ್ 2006ರಲ್ಲಿ ಬಿಸಿನೆಸ್‌ವೀಕ್ ಮುಖಪುಟಕ್ಕೆ ಬಂದರು. ಅದೇ ವರ್ಷ ತಮ್ಮ ಆಸ್ತಿ ಹತ್ತು ಲಕ್ಷ ಡಾಲರ್ ದಾಟಿತು ಅಂದರು. ಎಂಟ್ರೋಪಿಯಾ ಅನ್ನುವ ಇನ್ನೊಂದು ಲೋಕದಲ್ಲಿ ಜಾನ್ ಜೇಕಬ್ಸ್ 2005ರಲ್ಲಿ ಒಂದು ಲಕ್ಷ ಡಾಲರಿಗೆ ಕ್ಷುದ್ರಗ್ರಹ ಕೊಂಡು, 2010ರಲ್ಲಿ 6,35,000 ಡಾಲರಿಗೆ ಮಾರಿದರು. ನಿಜ. ಆದರೆ ಅದು ಪೂರ್ತಿ ಸಮಯದ ವ್ಯಾಪಾರ. 2021ರ ನವೆಂಬರ್‌ನಲ್ಲಿ ಡಿಸೆಂಟ್ರಾಲ್ಯಾಂಡ್ ಅನ್ನುವ ಮತ್ತೊಂದು ಲೋಕದಲ್ಲಿ ಒಂದು ಜಾಗ 24 ಲಕ್ಷ ಡಾಲರಿಗೆ ಹೋಯಿತು. ಆಗ ನನ್ನ ಪರಿಚಯದವರೇ ಕೆಲವರು, “ಈಗ್ಲೇ ತಗೊಂಡಿಡ್ಬೇಕು, ಸೈಟ್ ಇದ್ದ ಹಾಗೆ” ಅಂತ ಓಡಾಡಿದರು. ಆ ಹುಚ್ಚು ಇಳಿದಾಗ ಬೆಲೆಯೂ ಬಿತ್ತು.

ಇದು ಸೈಟ್ ಅಲ್ಲವೇ ಅಲ್ಲ. ಲಿಂಡನ್ ಡಾಲರ್ ಹಣವಲ್ಲ, ಬಳಸಲು ಕೊಟ್ಟ ಪರವಾನಗಿ ಅಂತ ಕಂಪನಿಯ ಷರತ್ತಿನಲ್ಲೇ ಬರೆದಿದೆ. ಮಾರ್ಕ್ ಬ್ರ್ಯಾಗ್ ಅನ್ನುವ ವಕೀಲರ ಖಾತೆಯನ್ನು, ಹರಾಜಿನಲ್ಲಿ ಅಡ್ಡದಾರಿಯಲ್ಲಿ ಜಾಗ ಕೊಂಡರು ಅಂತ ಮುಚ್ಚಿದಾಗ ಅವರು ಕೋರ್ಟಿಗೆ ಹೋದರು. 2007ರಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟು ಅವರ ವಾದ ಕೇಳಲು ಒಪ್ಪಿತು. ಆದರೆ ಎರಡೂ ಕಡೆಯವರು ರಾಜಿಯಾದ್ದರಿಂದ, ಅಲ್ಲಿನ ಜಾಗ ನಿಜಕ್ಕೂ ಯಾರದ್ದು ಅನ್ನುವುದು ಆ ಕೇಸಿನಲ್ಲಿ ತೀರ್ಮಾನವಾಗಲೇ ಇಲ್ಲ. ದೇರ್ ಡಾಟ್ ಕಾಮ್ ಅನ್ನುವ ಲೋಕವಂತೂ 2010ರ ಮಾರ್ಚ್‌ನಲ್ಲಿ ಬಾಗಿಲೇ ಹಾಕಿತು. ಎರಡು ವರ್ಷದ ಮೇಲೆ ಮತ್ತೆ ತೆರೆಯಿತು ಅನ್ನುವುದು ಬೇರೆ ಮಾತು. ಹಾಗಾಗಿ ಒಳಗೆ ಹೋದ ರೂಪಾಯಿಯನ್ನು ನಾನು ಆವತ್ತೇ ಖರ್ಚು ಅಂತ ಬರೆಯುತ್ತೇನೆ. ಬ್ಲೆಂಡರ್ ಫೈಲುಗಳನ್ನು ಮಾತ್ರ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ. ಅತ್ತೆಯ ಮನೆ ಇನ್ನೊಮ್ಮೆ ಕಳೆದುಹೋಗುವುದು ಬೇಡ.

ಲೆಕ್ಕಕ್ಕೆ ಇನ್ನೊಂದು ಸೇರಿಸಬೇಕು, ಕಂಪ್ಯೂಟರ್. ಹಳೆಯ ಮೆಷಿನ್‌ನಲ್ಲಿ ಹೊಸ ವ್ಯೂವರ್ ತೆವಳುತ್ತಿತ್ತು. 11,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,750. ಚಂದಾ 8,760, ಲಿಂಡನ್ 6,000, ಗ್ರಾಫಿಕ್ಸ್ ಕಾರ್ಡು 2,750. ಒಟ್ಟು 17,510. ತಿಂಗಳಿಗೆ 1,500ರೊಳಗೆ. ಪೂರ್ತಿ ರೀಜನ್ ಇಟ್ಟುಕೊಂಡವರು ಒಂದು ತಿಂಗಳಿಗೆ ಕಟ್ಟುವ ದುಡ್ಡಿನಲ್ಲಿ ಹೆಚ್ಚುಕಡಿಮೆ ನನ್ನ ಇಡೀ ವರ್ಷ ನಡೆಯುತ್ತದೆ.

ಯಜಮಾನರಿಗೆ ಕ್ಯಾಮೆರಾ ಹುಚ್ಚು, ಅವರ ಒಂದು ಲೆನ್ಸಿನ ಬೆಲೆ ನನ್ನ ಮೂರು ವರ್ಷದ ಖರ್ಚು. ನಮ್ಮಿಬ್ಬರ ಕಾಲಂ ಅಕ್ಕಪಕ್ಕದಲ್ಲೇ ಇವೆ, ತಿಂಗಳ ಕೊನೆಗೆ ಇಬ್ಬರೂ ಕೂತು ನೋಡುತ್ತೇವೆ. ಈ ಸಲ ಡಾಲರ್ ಇನ್ನೂ ಏರಿದರೆ ಬಟ್ಟೆಯ ಪಾಲು ಪೂರ್ತಿ ಬಿಡುತ್ತೇನೆ. ಹಾಡುಗಾರರ ಪಾಲು ಹಾಗೇ ಇರಲಿ. ಮನೆಗೆ ಇನ್ನೂ ಕೊಟ್ಟಿಗೆ ಆಗಬೇಕು, ಅದಕ್ಕೆ ನಲವತ್ತು ಲ್ಯಾಂಡ್ ಇಂಪ್ಯಾಕ್ಟ್ ತೆಗೆದಿಟ್ಟಿದ್ದೇನೆ. ಹಸುವಿನ ಬಣ್ಣ ಮಾತ್ರ ಅತ್ತೆ ಇನ್ನೂ ಹೇಳಿಲ್ಲ.