ಕಂಟ್ರೋಲರ್ ಆಫ್‌ಲೈನ್ ಆಯಿತಾ? ರೀಸೆಟ್ ಒತ್ತುವ ಮೊದಲು ಇಷ್ಟು ನೋಡಿ

ಬೆಳಗಾವಿಯಲ್ಲಿ ಜೂನ್ ಮಳೆ ಹಿಡಿಯಿತೆಂದರೆ ನನಗೆ ಫೋನ್ ಶುರು. "ಸರ, ಸ್ಕ್ರೀನ್‌ನ್ಯಾಗ ಮೂರನೇ ಮಾಳಿಗಿ ಎಲ್ಲಾ ಕೆಂಪಾಗೇತ್ರಿ. ಬೋರ್ಡ್ ಹೋಗಿರಬೇಕು. ರೀಸೆಟ್ ಹೊಡದೀನ್ರಿ." ಆ ಕೊನೆಯ ಮಾತು ಕೇಳಿದರೆ ಹೊಟ್ಟೆ ಕಲಸುತ್ತದೆ. ಬಹಳ ಸಲ ಬೋರ್ಡ್, ಅಂದರೆ ಎಸಿ, ಪಂಪ್ ನಡೆಸುವ ಕಂಟ್ರೋಲರ್, ಚೆನ್ನಾಗಿಯೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಹೊಡೆದರೆ ಅದರೊಳಗಿನ ಪ್ರೋಗ್ರಾಂ, ಸೆಟ್‌ಪಾಯಿಂಟ್ (ಇಷ್ಟೇ ತಾಪಮಾನ ಇರಲಿ ಅಂತ ಇಟ್ಟಂಥ ಗುರಿ) ಎಲ್ಲ ಅಳಿಸಿಹೋಗಿ, ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ.

ಆಸ್ಪತ್ರೆ, ಹೋಟೆಲ್, ಕಾಲೇಜು ಕಟ್ಟಡಗಳಲ್ಲಿ ಎಸಿ, ಎಕ್ಸಾಸ್ಟ್, ಪಂಪ್ ನೋಡಿಕೊಳ್ಳುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದು ಬ್ಯಾಕ್‌ನೆಟ್ ಎಂಎಸ್‌ಟಿಪಿ ಲೂಪ್ ಬಗ್ಗೆ, ಅಂದರೆ ಬೋರ್ಡುಗಳೆಲ್ಲ ಒಂದೇ ಜೋಡಿ ತಂತಿಯ ಮೇಲೆ ಸರದಿಯಂತೆ ಮಾತಾಡುವ ವ್ಯವಸ್ಥೆ. ಬೇರೆ ಬೇರೆ ಕಂಪನಿಯ ಕಂಟ್ರೋಲರ್‌ಗಳಿಗೆ ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಅಂತ ಅಮೆರಿಕದ ಆಶ್ರೇ ಸಂಸ್ಥೆ 1995ರಲ್ಲಿ ಹೊರತಂದ ಸ್ಟ್ಯಾಂಡರ್ಡ್ ಬ್ಯಾಕ್‌ನೆಟ್.

1. ಬ್ಯಾಕಪ್. ಇದೆಯಾ ನೋಡಿ. ಇಲ್ಲದಿದ್ದರೆ ಬೋರ್ಡಿಗೆ ನೇರವಾಗಿ ಲ್ಯಾಪ್‌ಟಾಪ್ ಹಚ್ಚಿ, ಆ ಕಂಪನಿಯ ಟೂಲ್‌ನಿಂದ ಈಗಲೇ ತೆಗೆದಿಟ್ಟುಕೊಳ್ಳಿ.

2. ಪವರ್. ಟರ್ಮಿನಲ್‌ನಲ್ಲಿ 24 ವೋಲ್ಟ್ ಇದೆಯಾ ಅಳೆಯಿರಿ. ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ನಾಲ್ಕು ಬೋರ್ಡಿಗೆ ಕೊಟ್ಟಿದ್ದರೆ ಎರಡು ತಂತಿ ಅದಲುಬದಲಾಗಬಾರದು. ಎಸಿ ಕರೆಂಟ್ ತಾನೇ, ಹೇಗಿದ್ದರೇನು ಅಂತ ಹಚ್ಚಿ ಬೋರ್ಡ್ ಸುಟ್ಟಿದ್ದನ್ನು ನೋಡಿದ್ದೇನೆ.

3. ತಂತಿ. ಲೂಪ್‌ನ ಎಲ್ಲ ಬೋರ್ಡುಗಳ ಪವರ್ ಆಫ್ ಮಾಡಿ. ಮೀಟರನ್ನು ಓಮ್‌ಗೆ ಇಟ್ಟು ಬಸ್‌ನ (ಲೂಪ್‌ನ ಆ ಜೋಡಿ ತಂತಿಯ) ಪ್ಲಸ್ ಮೈನಸ್ ನಡುವೆ ಹಿಡಿಯಿರಿ. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇದ್ದರೆ ಮೀಟರ್ 60ರ ಆಸುಪಾಸು ತೋರಿಸಬೇಕು. 120 ಬಂತಾ? ಒಂದು ತುದಿ ಕಾಣುತ್ತಿಲ್ಲ ಅಂತ ಅರ್ಥ. ಅಲ್ಲಿ ರೆಸಿಸ್ಟರ್ ಇಲ್ಲ, ಇಲ್ಲವೇ ನಡುವೆ ತಂತಿ ಬಿಟ್ಟಿದೆ. 40 ಬಂದರೆ ಯಾರೋ ನಡುವಿನ ಬೋರ್ಡಲ್ಲೂ ಎಂಡ್ ಆಫ್ ಲೈನ್ ಸ್ವಿಚ್ (ಬೋರ್ಡಿನ ಒಳಗಿನ ತುದಿ ರೆಸಿಸ್ಟರ್ ಹಚ್ಚುವ ಸ್ವಿಚ್) ಆನ್ ಮಾಡಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್.

ನಮ್ಮ ಮಳೆಗಾಲದಲ್ಲಿ ಟೆರೇಸಿನ ಜಂಕ್ಷನ್ ಬಾಕ್ಸ್ ಮೊದಲು ತೆರೆಯಿರಿ. ಸ್ಕ್ರೂ ಸುತ್ತ ತಾಮ್ರ ಹಸಿರು ಹಿಡಿದಿರುತ್ತದೆ. ಆ ತುದಿಯನ್ನು ಕತ್ತರಿಸಿ, ಹೊಸದಾಗಿ ಸುಲಿದು, ಫೆರೂಲ್ (ತಂತಿಯ ತುದಿಗೆ ತೊಡಿಸುವ ಚಿಕ್ಕ ಲೋಹದ ಕೊಳವೆ) ಒತ್ತಿ ಹಾಕಿ. ಬರೀ ಸ್ಕ್ರೂ ಬಿಗಿ ಮಾಡಿದರೆ ವಾರದಲ್ಲಿ ಮತ್ತೆ ಬಿಡುತ್ತದೆ. ಉಳಿದ ಟೆಲಿಫೋನ್ ವೈರ್ ಎಳೆದು ಕೆಲಸ ಮುಗಿಸುವವರಿದ್ದಾರೆ, ದಯವಿಟ್ಟು ಬೇಡ. ಶೀಲ್ಡ್ ಇರುವ, ಹೊಸೆದ ಜೋಡಿ ತಂತಿಯೇ ಬೇಕು. ಶೀಲ್ಡನ್ನು ಒಂದೇ ಕಡೆ ಅರ್ತ್ ಮಾಡಿ. ಬೋರ್ಡಿನಿಂದ ಬೋರ್ಡಿಗೆ ಸಾಲಾಗಿ ಹೋಗಲಿ, ನಡುವೆ ಕೊಂಬೆ ತೆಗೆಯಬೇಡಿ.

4. ಅಡ್ರೆಸ್. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಅಡ್ರೆಸ್ ಅಂದರೆ ಲೂಪ್‌ನಲ್ಲಿ ಪ್ರತಿ ಬೋರ್ಡಿನ ನಂಬರ್. ಅದನ್ನು ಇಡುವುದು ಬೋರ್ಡ್ ಮೇಲಿನ ಪುಟ್ಟ ಸ್ವಿಚ್‌ಗಳ ಸಾಲಿನಿಂದ, ಅದೇ ಡಿಪ್ ಸ್ವಿಚ್. ಅದರ ಮೇಲೆ 1, 2, 3, 4 ಅಂತ ಬರೆದಿರುವುದು ಸ್ವಿಚ್‌ನ ಸರದಿ, ಅದರ ಬೆಲೆ ಅಲ್ಲ. ಸಾಮಾನ್ಯವಾಗಿ ಬೆಲೆ ಹೀಗಿರುತ್ತದೆ: 1, 2, 4, 8, 16, 32, 64. ಮೇಲೆತ್ತಿದ, ಅಂದರೆ ಆನ್ ಇರುವ ಸ್ವಿಚ್‌ಗಳ ಬೆಲೆ ಕೂಡಿದರೆ ಅಡ್ರೆಸ್. 21 ಬೇಕಾದರೆ 16, 4, 1, ಅಂದರೆ ಐದನೇ, ಮೂರನೇ, ಒಂದನೇ ಸ್ವಿಚ್ ಮೇಲೆ. ಬೆಲೆ ತಿಳಿಯಲು ಕಂಪನಿಯ ಹಾಳೆಯನ್ನೂ ಒಮ್ಮೆ ನೋಡಿ.

ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಹೊಸ ಹುಡುಗನಿಗೆ 12ನೇ ನಂಬರ್ ಕೊಡು ಅಂದಿದ್ದರು. ಅವನು ಒಂದನೇ ಮತ್ತು ಎರಡನೇ ಸ್ವಿಚ್ ಎತ್ತಿದ. ಒಂದು, ಎರಡು, ಹನ್ನೆರಡು ಅಂತ ಓದಿಕೊಂಡ. ಬೋರ್ಡಿನ ಲೆಕ್ಕದಲ್ಲಿ ಅದು 3. ಅದೇ ಲೂಪ್‌ನಲ್ಲಿ ಮೊದಲೇ ಒಂದು 3 ಇತ್ತು. ಎರಡೂ ಒಟ್ಟಿಗೆ ಮಾತಾಡಿ ಲೂಪ್ ಪೂರ್ತಿ ಆಗಾಗ ಸಾಯುತ್ತಿತ್ತು. ಅದಕ್ಕೆ ಎರಡು ಒಳ್ಳೆಯ ಬೋರ್ಡ್ ಬದಲಾಯಿಸಿದ ಮೇಲೆ ನನ್ನನ್ನು ಕರೆದರು.

ಡಬಲ್ ಅಡ್ರೆಸ್ ಹುಡುಕಲು ನಾನು ಮಾಡುವುದಿಷ್ಟೇ. ಅನುಮಾನದ ನಂಬರ್ 3 ಅಂದುಕೊಳ್ಳಿ. ನಿಮಗೆ ಗೊತ್ತಿರುವ 3ರ ಬಸ್ ಕನೆಕ್ಟರ್ ಕಿತ್ತು, ಉಳಿದ ಸಾಲು ತುಂಡಾಗದಂತೆ ತಂತಿ ಜೋಡಿಸಿ. ಲ್ಯಾಪ್‌ಟಾಪ್‌ನಿಂದ ಹೂ-ಈಸ್, ಅಂದರೆ ಯಾರು ಯಾರು ಇದ್ದೀರಿ ಅನ್ನುವ ಪ್ರಶ್ನೆ, ಕಳಿಸಿ. ಆಗಲೂ 3ರಿಂದ ಉತ್ತರ ಬಂದರೆ ಕಳ್ಳ ಸಿಕ್ಕ. ಸ್ವಿಚ್ ತಿದ್ದಿದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡಿ. ಎಷ್ಟೋ ಬೋರ್ಡ್‌ಗಳು ಸ್ವಿಚ್ ಓದುವುದು ಆನ್ ಆಗುವಾಗ ಮಾತ್ರ.

ಲ್ಯಾಪ್‌ಟಾಪನ್ನು ಲೂಪ್‌ಗೆ ಹಚ್ಚಲು ಬಳಸುವ ಯುಎಸ್‌ಬಿ ಕನ್ವರ್ಟರ್ ಐಸೋಲೇಟೆಡ್ (ಎರಡರ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದ್ದು) ಆಗಿರಲಿ. ಇನ್ನೂರು ಮುನ್ನೂರು ರೂಪಾಯಿಯದ್ದು ತಂದು ಲ್ಯಾಪ್‌ಟಾಪ್ ಪೋರ್ಟ್ ಸುಟ್ಟುಕೊಳ್ಳಬೇಡಿ.

ಎಡವುವ ಇನ್ನೊಂದು ಮೂಲೆ ಮ್ಯಾಕ್ಸ್ ಮಾಸ್ಟರ್. ಲೂಪ್‌ನಲ್ಲಿ ಮಾತಾಡುವ ಸರದಿ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಈ ನಂಬರಿನವರೆಗೆ ಮಾತ್ರ ಹೊಸಬರನ್ನು ಹುಡುಕು ಅಂತ ಹೇಳುವ ಸೆಟ್ಟಿಂಗ್ ಇದು. ಗರಿಷ್ಠ 127. ಲೂಪ್ ಚುರುಕಾಗಲಿ ಅಂತ ಯಾರೋ ಎಲ್ಲ ಬೋರ್ಡಲ್ಲೂ 30ಕ್ಕೆ ಇಳಿಸಿರುತ್ತಾರೆ. ಆಮೇಲೆ ನೀವು 40ನೇ ನಂಬರ್ ಹಾಕಿದರೆ ಅದಕ್ಕೆ ಸರದಿಯೇ ಬರುವುದಿಲ್ಲ. ತಂತಿ ಸರಿ, ಪವರ್ ಸರಿ, ಬೋರ್ಡ್ ಮಾತ್ರ ಮೌನ. ನನ್ನ ಮಾತು ಕೇಳಿ: ಅಡ್ರೆಸ್‌ಗಳನ್ನು ನಡುವೆ ಬಿಡದೆ 1, 2, 3 ಅಂತ ಸಾಲಾಗಿ ಕೊಡಿ.

5. ಸ್ಪೀಡ್. ತಂತಿಯ ಮೇಲೆ ಮಾತು ಹೋಗುವ ವೇಗ (ಬಾಡ್ ರೇಟ್) ಎಲ್ಲ ಬೋರ್ಡಲ್ಲೂ ಒಂದೇ ಇರಲಿ. 38400 ಅಂದರೆ ಎಲ್ಲದಕ್ಕೂ 38400.

6. ಬೋರ್ಡ್ ನಿಜವಾಗಿ ಸತ್ತಿದ್ದರೆ. ಏಪ್ರಿಲ್-ಮೇ ಗುಡುಗು ಸಿಡಿಲಿಗೆ ಹೀಗಾಗುವುದುಂಟು. ಹಳೆಯದರ ಡಿಪ್ ಸ್ವಿಚ್ ಫೋಟೋ ತೆಗೆದು, ಹೊಸದಕ್ಕೆ ಹಾಗೇ ಇಡಿ. ಅದೇ ಫರ್ಮ್‌ವೇರ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ವರ್ಷನ್ ಹಾಕಿ, ಆಮೇಲೆ ಬ್ಯಾಕಪ್ ಇಳಿಸಿ. ಕೊನೆಗೆ ಡಿವೈಸ್ ಇನ್‌ಸ್ಟೆನ್ಸ್ ನಂಬರ್ ಹಳೆಯದೇ ಇದೆಯಾ ನೋಡಿ. ಇದು ಅಡ್ರೆಸ್ ಅಲ್ಲ. ಅಡ್ರೆಸ್ ಆ ಲೂಪ್‌ಗೆ ಮಾತ್ರ, ಇದು ಇಡೀ ಕಟ್ಟಡದ ನೆಟ್‌ವರ್ಕ್‌ನಲ್ಲಿ ಒಂದೇ ಇರಬೇಕು, 0ಯಿಂದ 4194302ರೊಳಗೆ. ಬದಲಾದರೆ ಕಂಟ್ರೋಲ್ ರೂಮಿನ ಸ್ಕ್ರೀನ್ ಹಳೆಯ ಬೋರ್ಡನ್ನೇ ಹುಡುಕುತ್ತಾ ಕೂರುತ್ತದೆ.

ಅಡ್ರೆಸ್, ಇನ್‌ಸ್ಟೆನ್ಸ್, ಸ್ಪೀಡ್ ಮೂರನ್ನೂ ಬರೆದು ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿ. ಪೆನ್ನಿನಲ್ಲಿ ಬೇಡ, ಮಾರ್ಕರ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒಂದು ಮಳೆಗಾಲ ಬಾಳುವುದಿಲ್ಲ.