ಜಾಝ್-ರಾಕ್ ಫ್ಯೂಷನ್ ಆಲ್ಬಂ ಕೇಳುವುದು ಹೇಗೆ?

ಜಾಝ್ ಮತ್ತು ರಾಕ್ ಎರಡೂ ಬೆರೆತ ಸಂಗೀತ ಇದು. ಚಿಕ್ಕಮಗಳೂರಿನ ಮಳೆಗಾಲದ ಸಂಜೆ ಇದಕ್ಕೆ ಒಳ್ಳೆಯ ಹೊತ್ತು. ಹೆಡ್‌ಫೋನ್ ಹಾಕಿ, ಫೋನಿನ ಸ್ಪೀಕರ್‌ನಲ್ಲಿ ಬೇಸ್ ಗಿಟಾರ್ ಸರಿಯಾಗಿ ಕೇಳಿಸುವುದಿಲ್ಲ. ಮುಳ್ಳಯ್ಯನಗಿರಿ ಕಡೆ ಹೊರಟಿದ್ದರೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಡ್ರಮ್ಸ್ ಒಂದನ್ನೇ ಗಮನಿಸಿ ತಾಳ ಹಾಕಿ. ನಾಲ್ಕಕ್ಕೆ ಕೂರದಿದ್ದರೆ ಏಳು ಎಣಿಸಿ: ತ-ಕಿ-ಟ, ತ-ಕ-ಧಿ-ಮಿ, ನಮ್ಮ ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ ಅಲ್ವಾ! ಐದಾದರೆ ಖಂಡ ಛಾಪು. ಪ್ರೋಗ್ ರಾಕ್ (ಪ್ರೋಗ್ರೆಸಿವ್ ರಾಕ್, ಅಂದರೆ ಸಂಕೀರ್ಣ ರಚನೆಗಳ ರಾಕ್) ಪ್ರಭಾವ ಜಾಸ್ತಿ ಇದ್ದರೆ ಎಣಿಕೆ ನಡುವೆಯೇ ಬದಲಾಗುವುದುಂಟು, ಆಗ ಗಾಬರಿಯಾಗದೆ ಬೇಸ್ ಗಿಟಾರ್ ಹಿಂದೆ ಹೋಗಿ, ಅದು ಎಷ್ಟೋ ಸಲ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತದೆ.

ಸೋಲೋ, ಅಂದರೆ ಒಬ್ಬರೇ ಮುಂದೆ ಬಂದು ನುಡಿಸುವ ಭಾಗ, ಬಂದಾಗ ಮುಂದಕ್ಕೆ ಓಡಿಸಬೇಡಿ, ಆಲ್ಬಂನ ಜೀವ ಅಲ್ಲಿದೆ. ಇಷ್ಟವಾಯಿತೇ? ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಫ್ಯೂಷನ್ ಬ್ಯಾಂಡ್‌ನ 1971ರ ಮೊದಲ ಆಲ್ಬಂ ಹುಡುಕಿ, ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಬಿಲ್ಲಿ ಕಾಬಮ್ ಡ್ರಮ್ಸ್.